ಗಾಳಿಯ ಗದ್ದಲ ದಾಟಿ ಬಂದ ದನಿ

ಬೆನ್ನಿಗೆ ಒಂದು ಸಲ ತಟ್ಟಿದರೆ ‘ನಿಧಾನ’, ಎರಡು ಸಲ ತಟ್ಟಿದರೆ ‘ನಿಲ್ಲಿಸಿ’. ಹತ್ತು ವರ್ಷ ಬೈಕಿನ ಮೇಲೆ ನನಗೂ ಹೆಂಡತಿಗೂ ಇದ್ದ ಭಾಷೆ ಇಷ್ಟೇ. ಹೆಚ್ಚಿಗೆ ಹೇಳಬೇಕಿದ್ದರೆ ಅವಳು ಮುಂದಕ್ಕೆ ಬಾಗಿ ಕೂಗಬೇಕು, ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯಬೇಕು, ನಾನು ‘ಏನು?’ ಎನ್ನಬೇಕು. ಅಷ್ಟರಲ್ಲಿ ಅವಳು ತೋರಿಸಬೇಕೆಂದಿದ್ದದ್ದು ಹಿಂದೆ ಹೋಗಿರುತ್ತಿತ್ತು. ಹೆಡ್‌ಸೆಟ್ ಹಾಕಿಕೊಂಡು ಮೊದಲ ಸಲ ಹೊರಟದ್ದು ಒಂದು ಮಳೆಗಾಲ. ಕೊಟ್ಟಿಗೆಹಾರ ಬಿಟ್ಟು ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿಯ ಪಕ್ಕದಲ್ಲೇ ಅವಳ ದನಿ: ‘ಎಡಕ್ಕೆ ನೋಡಿ, ನೀರು ಹೇಗೆ ಬೀಳ್ತಿದೆ!’ ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದ್ದಳು.

ಆ ದನಿ ನನ್ನ ಕಿವಿ ಮುಟ್ಟುವ ಮುಂಚೆ ಬಹಳ ದಾರಿ ನಡೆದು ಬಂದಿತ್ತು.

ಬೈಕಿನ ಮೇಲೆ ಮಾತಿಗೆ ಅಡ್ಡ ಬರುವುದು ಎಂಜಿನ್ ಎಂದೇ ಬಹಳ ಜನ ತಿಳಿದಿದ್ದಾರೆ. ವೇಗ 60–70 ದಾಟಿತೆಂದರೆ ಎಂಜಿನ್ನಿನ ಸದ್ದನ್ನೂ ಗಾಳಿ ನುಂಗಿಬಿಡುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನ ಒಳಗೇ ಸುಮಾರು 95 ಡೆಸಿಬಲ್ ಗದ್ದಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ 3 ಡೆಸಿಬಲ್ ಏರಿದಾಗಲೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಇದರ ಮೇಲೆ ಹಾಡು ಕೇಳಿಸಲೆಂದು ವಾಲ್ಯೂಮ್ ಏರಿಸುತ್ತಲೇ ಹೋಗುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗದ್ದಲದಿಂದ ಮಾತನ್ನು ಹೆಕ್ಕುವ ವಿದ್ಯೆ ವಿಮಾನದವರಿಂದ ಬಂದದ್ದು. ಎರಡನೇ ಮಹಾಯುದ್ಧದ ಪೈಲಟ್‌ಗಳು ಕುತ್ತಿಗೆಗೆ ಮೈಕ್ ಕಟ್ಟಿಕೊಳ್ಳುತ್ತಿದ್ದರು. ಅದು ಗಂಟಲಿನ ಕಂಪನವನ್ನೇ ಹಿಡಿಯುತ್ತಿತ್ತು. ತುಟಿಯ ಮುಂದಿನ ಮೈಕಿಗೆ ಬೇರೆ ಉಪಾಯ: ಹಿಂದೊಂದು, ಮುಂದೊಂದು ತೂತು. ದೂರದ ಗದ್ದಲ ಎರಡರಿಂದಲೂ ಸಮನಾಗಿ ಒಳಗೆ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ. ಪಕ್ಕದಲ್ಲೇ ಹುಟ್ಟಿದ ಮಾತು ಮುಂದಿನ ತೂತಿಗೆ ಜೋರಾಗಿ ತಾಗುವುದರಿಂದ ಉಳಿದುಕೊಳ್ಳುತ್ತದೆ. ಈಗ ಈ ಕಳೆಯುವ ಲೆಕ್ಕವನ್ನು ಹೆಚ್ಚಾಗಿ ಚಿಪ್ ಮಾಡುತ್ತದೆ. ಆದರೂ ಮೈಕ್ ತುಟಿಯ ಹತ್ತಿರವೇ ಇರಬೇಕು.

1980ರ ದಶಕದಲ್ಲಿ ಹೋಂಡಾ ಗೋಲ್ಡ್‌ವಿಂಗ್‌ನಂಥ ಭಾರೀ ಟೂರಿಂಗ್ ಬೈಕುಗಳಿಗೆ ರೇಡಿಯೊ, ಹಿಂಬದಿಯವರ ಜತೆ ಮಾತಾಡುವ ಇಂಟರ್‌ಕಾಮ್ ಎಲ್ಲ ಬಂದವು. ಆದರೆ ಹೆಲ್ಮೆಟ್ಟಿನಿಂದ ಬೈಕಿಗೆ ವೈರು. ಆ ವೈರನ್ನು ಕಿತ್ತುಹಾಕಿದ ಕೆಲಸ ಶುರುವಾದದ್ದು ಸ್ವೀಡನ್ನಿನಲ್ಲಿ. ಎರಿಕ್‌ಸನ್ ಮೊಬೈಲ್ ಕಂಪನಿಯ ನಿಲ್ಸ್ ರಿಡ್‌ಬೆಕ್ 1989ರಲ್ಲಿ ಅಲ್ಪದೂರದ ರೇಡಿಯೊ ಯೋಜನೆಗೆ ಕೈಹಾಕಿದಾಗ ಅವರ ಮನಸ್ಸಿನಲ್ಲಿದ್ದದ್ದೇ ವೈರಿಲ್ಲದ ಹೆಡ್‌ಸೆಟ್. ಯಾಪ್ ಹಾರ್ಟ್‌ಸೆನ್, ಸ್ವೆನ್ ಮ್ಯಾಟಿಸನ್ ಅದನ್ನು ರೂಪಿಸಿದರು: 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 79 ಕಿರುದಾರಿ, ಸೆಕೆಂಡಿಗೆ 1,600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿತ. ಒಂದು ದಾರಿಯಲ್ಲಿ ಯಾರಾದರೂ ಅಡ್ಡ ಬಂದರೂ ಮರುಕ್ಷಣ ಮಾತು ಬೇರೆ ದಾರಿಯಲ್ಲಿರುತ್ತದೆ. ಡೇನರನ್ನು ಒಗ್ಗೂಡಿಸಿದ 10ನೇ ಶತಮಾನದ ರಾಜ ಹೆರಾಲ್ಡ್ ಬ್ಲೂಟೂತ್‌ನ ಹೆಸರನ್ನು ಇದಕ್ಕೆ ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಾಕ್.

ಅದನ್ನು ಹೆಲ್ಮೆಟ್ಟಿಗೆ ಹೊಂದಿಸಿದವರಲ್ಲಿ ಇಸ್ರೇಲ್ ಮೂಲದ ‘ಕಾರ್ಡೊ’, ದಕ್ಷಿಣ ಕೊರಿಯಾದ ‘ಸೇನಾ’ ಎಂಬ ಕಂಪನಿಗಳು ಮುಖ್ಯ. ಮೊದಮೊದಲ ಇಂಟರ್‌ಕಾಮ್‌ಗಳು ಸರಪಳಿಯ ಹಾಗೆ. ನಾಲ್ವರು ಸಾಲಾಗಿ ಹೊರಟರೆ ಒಬ್ಬನ ಮಾತು ಪಕ್ಕದವನನ್ನು ಹಾದೇ ಮುಂದಿನವನಿಗೆ ಹೋಗಬೇಕು. ನಡುವಿನವನು ಪೆಟ್ರೋಲ್ ಬಂಕಿಗೆ ತಿರುಗಿದನೋ, ಸರಪಳಿ ಕಡಿಯಿತು. 2015ರಲ್ಲಿ ಕಾರ್ಡೊ ತಂದ ಮೆಶ್ ಸರಪಳಿಯ ಜಾಗದಲ್ಲಿ ಬಲೆ ಹೆಣೆಯಿತು. ಒಂದು ಗಂಟು ಬಿಚ್ಚಿದರೆ ಮಾತು ಬೇರೆ ಎಳೆ ಹಿಡಿದು ಹೋಗುತ್ತದೆ.

ಹಾಗೆಂದು ಎಲ್ಲರಿಗೂ ಮೆಶ್ ಬೇಕೆ? ಹತ್ತು ಜನ ಕೂಡಿ ಲಡಾಖಿಗೆ ಹೊರಡುವವರಿಗೆ ಬೇಕು, ನಮ್ಮಂಥ ಗಂಡ ಹೆಂಡಿರಿಗೆ ಬೇಡ. ಕೊಳ್ಳುವ ಮೊದಲು ನಿಮ್ಮ ಹೆಲ್ಮೆಟ್ಟನ್ನೇ ಒಮ್ಮೆ ಮಗುಚಿ ನೋಡಿ. ಫುಲ್‌ಫೇಸ್ ಆದರೆ ಗದ್ದದ ಪಟ್ಟಿಯ ಒಳಗೆ ಅಂಟಿಸುವ ಪುಟ್ಟ ಮೈಕ್, ಮುಖ ತೆರೆದದ್ದಾದರೆ ಕಡ್ಡಿಯ ಮೈಕ್. ಕಿವಿಯ ಜಾಗದಲ್ಲಿ ಸ್ಪೀಕರ್ ಕೂರುವಷ್ಟು ಗುಳಿ ಇದೆಯೇ? ಇಲ್ಲವೆಂದು ಒಳಗಿನ ಥರ್ಮಾಕೋಲಿನಂಥ ಪದರವನ್ನು ಕೆರೆದು ಜಾಗ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ಪೆಟ್ಟು ಹೀರುವುದು ಅದೇ ಪದರ. ಮಲೆನಾಡಿನ ಮಳೆಗೆ ಐಪಿ67 ಗುರುತಿದ್ದರೆ ನಿಶ್ಚಿಂತೆ. ಗ್ಲೌಸ್ ಹಾಕಿದ ಬೆರಳಿಗೂ ಬಟನ್ ಸಿಗಬೇಕು, ಆದ್ದರಿಂದ ಅಂಗಡಿಗೆ ಗ್ಲೌಸ್ ಒಯ್ಯಿರಿ.

ಇನ್ನು ಫೋನ್. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸುವುದನ್ನು ಅಪಾಯಕಾರಿ ಚಾಲನೆ ಎನ್ನುತ್ತದೆ. ಆದರೆ ಕೈ ಬಿಡುವಾದರೆ ಮನಸ್ಸೂ ಬಿಡುವಾಯಿತೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್, ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುತ್ತಿದ್ದವರು ಸಿಗ್ನಲ್ ಗಮನಿಸದೆ ಹೋದದ್ದು ಎರಡು ಪಟ್ಟಾಯಿತು. ಫೋನ್ ಕೈಯಲ್ಲಿದ್ದರೂ ಅಷ್ಟೇ, ಹ್ಯಾಂಡ್ಸ್‌ಫ್ರೀ ಆದರೂ ಅಷ್ಟೇ. ರೇಡಿಯೊ ಕೇಳುತ್ತಿದ್ದವರಿಗೆ ಹಾಗಾಗಲಿಲ್ಲ. ಹಿಂದೆ ಕೂತವಳಿಗೆ ರಸ್ತೆ ಕಾಣುತ್ತದೆ, ತಿರುವು ಬಂದರೆ ಅವಳೇ ಮಾತು ನಿಲ್ಲಿಸುತ್ತಾಳೆ. ಫೋನಿನ ಆಚೆಗಿರುವವರಿಗೆ ಲಾರಿ ಎದುರು ಬಂದದ್ದು ಗೊತ್ತಾಗುವುದಾದರೂ ಹೇಗೆ? ಕರೆ ಬಂದರೆ ನಾನು ಗಾಡಿ ಪಕ್ಕಕ್ಕೆ ಹಾಕುತ್ತೇನೆ. ಹೆಡ್‌ಸೆಟ್ ನನಗೆ ಬೇಕಿರುವುದು ಹೆಂಡತಿಯ ಮಾತಿಗೆ, ಮ್ಯಾಪಿನ ದನಿಗೆ, ಸಣ್ಣ ವಾಲ್ಯೂಮಿನ ಹಾಡಿಗೆ.

ಕಳೆದ ತಿಂಗಳು ನಮ್ಮ ಬೀದಿಗೆ ಊಟ ತಂದುಕೊಡುವ ಹುಡುಗನೊಬ್ಬ ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬಂದ. ಮ್ಯಾಪ್ ಕೇಳಿಸಲೆಂದು ಹಾಗೆ ಮಾಡುತ್ತಾನಂತೆ. ಮನೆಯಲ್ಲಿದ್ದ ಹಳೆಯ ಹೆಡ್‌ಸೆಟ್ ತಂದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಜೋಡಿಸಿದೆವು. ಹಾಕಿಕೊಂಡು ‘ಏನೂ ಕೇಳ್ತಿಲ್ಲ ಸಾರ್’ ಅಂದ. ಸ್ಪೀಕರ್ ಕಿವಿಯ ಹಿಂದಕ್ಕೆ ಕೂತುಬಿಟ್ಟಿತ್ತು. ವೆಲ್ಕ್ರೋ ಬಿಡಿಸಿ, ಕಿವಿಯ ತೂತಿಗೆ ನೇರ ಬರುವಂತೆ ಅರ್ಧ ಬೆರಳಿನಷ್ಟು ಮುಂದಕ್ಕೆ ಸರಿಸಿ ಅಂಟಿಸಿದೆ. ಮತ್ತೆ ಹಾಕಿಕೊಂಡ. ಮ್ಯಾಪ್ ಏನೋ ಹೇಳಿರಬೇಕು, ನಿಂತಲ್ಲೇ ತಲೆ ಬಲಕ್ಕೆ ತಿರುಗಿಸಿದ.