ಆನೆಕೊಂಡದ ಹಿತ್ತಿಲಲ್ಲಿ ಕೈಕೊಡುವ ಟ್ರ್ಯಾಕರ್

ನಕ್ಷತ್ರಗಳ ಫೋಟೋ ತೆಗೆಯುವ ರಾತ್ರಿ ಮೊದಲು ಕೈಕೊಡುವುದು ಹೆಚ್ಚಾಗಿ ಟ್ರ್ಯಾಕರ್. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅದಕ್ಕೆ ಸರಿಯಾಗಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ಹೊರಳಿಸುವ ಯಂತ್ರವಿದು. ಇದರ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ, ಅಂದರೆ ಧ್ರುವನಕ್ಷತ್ರದ ಪಕ್ಕಕ್ಕೆ ನೆಟ್ಟಿರಬೇಕು. ದಾವಣಗೆರೆಯ ಅಕ್ಷಾಂಶ ಸುಮಾರು 14.5 ಡಿಗ್ರಿ, ದಿಗಂತದಿಂದ ಧ್ರುವದ ಎತ್ತರವೂ ಅಷ್ಟೇ. ಈ ಊರಿನ ಆನೆಕೊಂಡದ ಹಿತ್ತಿಲಿನಲ್ಲಿ ಉತ್ತರಕ್ಕೊಂದು ತೆಂಗಿನಮರವೋ ಪಕ್ಕದ ಮನೆಯ ನೀರಿನ ಟ್ಯಾಂಕೋ ಇದ್ದರೆ ಮುಗಿಯಿತು, ಧ್ರುವ ಕಾಣದು. ಆಗ ಫೋನಿನ ದಿಕ್ಸೂಚಿಯಿಂದ ಉತ್ತರವನ್ನು ಅಂದಾಜು ಮಾಡಿ ಅಕ್ಷವನ್ನು ಹೊಂದಿಸುವುದು ಒಂದು ದಾರಿ. ಕಬ್ಬಿಣದ ಗೇಟಿನ ಹತ್ತಿರ ಮಾತ್ರ ದಿಕ್ಸೂಚಿಯನ್ನು ನಂಬುವಂತಿಲ್ಲ.

ಟ್ರ್ಯಾಕರ್ ನಿಂತೇಹೋದರೂ ರಾತ್ರಿ ಹಾಳಾಗದು. 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿದಷ್ಟು ಸೆಕೆಂಡು ಶಟರ್ ತೆರೆದಿಟ್ಟರೆ ನಕ್ಷತ್ರ ಅಷ್ಟಾಗಿ ಗೆರೆಯಾಗುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿಗೆ ಇದು 10 ಸೆಕೆಂಡು. ಅಂಥ ನೂರಾರು ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬಹುದು.

ಇನ್ನೊಂದು ಕಾಟ ಇಬ್ಬನಿ. ಊರಿನ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳು. ಆಕಾಶಕ್ಕೆ ಮುಖಮಾಡಿದ ಗಾಜು ಗಾಳಿಗಿಂತ ತಣ್ಣಗಾಗಿ ನಡುರಾತ್ರಿಯ ಹೊತ್ತಿಗೆ ಮಸುಕಾಗುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಕೂರುತ್ತದೆ, ಗೀರೂ ಬೀಳಬಹುದು. ಪವರ್ ಬ್ಯಾಂಕಿಗೆ ಜೋಡಿಸಿದ ಹೀಟರ್ ಪಟ್ಟಿಯನ್ನು ಲೆನ್ಸಿಗೆ ಮೊದಲೇ ಸುತ್ತಿಡಬೇಕು. ಬಿಸಿಗೆ ಫೋಕಸ್ ಸರಿಯುವುದರಿಂದ, ಸ್ವಲ್ಪ ಹೊತ್ತು ಬಿಟ್ಟು ಹೊಳೆಯುವ ನಕ್ಷತ್ರವೊಂದಕ್ಕೆ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ.