ಶಾಲೆಗೆ ಹೋಗಲೊಲ್ಲದ ಮಗು

ಯಲಹಂಕದ ವಾಯುಪಡೆಯ ನೆಲೆಯಲ್ಲಿ 1996ರಿಂದ ಎರಡು ವರ್ಷಗಳಿಗೊಮ್ಮೆ ವೈಮಾನಿಕ ಪ್ರದರ್ಶನವು ಜರುಗುತ್ತ ಬಂದಿರುವುದನ್ನು ವಾಚಕರು ಬಲ್ಲರು. 2025ರಲ್ಲಿ ಅದು ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ಆ ದಿನಗಳಲ್ಲಿ ಸಮೀಪದ ಅಲ್ಲಾಳಸಂದ್ರದ ಮಕ್ಕಳಿಗೆ ಮಹಡಿಯೇರಿ ನಿಲ್ಲುವುದೇ ಹಬ್ಬ. ಆದರೆ ವಿಮಾನದ ಆರ್ಭಟಕ್ಕೆ ಕಿವಿಗಳೆರಡನ್ನೂ ಮುಚ್ಚಿ ಮೂಲೆ ಸೇರುವ ಮಗುವೂ ಉಂಟು. ಆಟಿಸಂ ಎಂಬ ಮನೋರಚನೆಯುಳ್ಳ ಮಕ್ಕಳಲ್ಲಿ ಅನೇಕರಿಗೆ, ನಾವು ಸಹಿಸಿಕೊಳ್ಳುವ ಸದ್ದೇ ನೋವಾಗಿ ಪರಿಣಮಿಸುವುದು. ಅಂತಹ ಮಗುವು ಶಾಲೆಗೆ ಹೊರಡದಿದ್ದರೆ ನಾವು ಅದನ್ನು ಹಟವೆಂದು ಕರೆಯುತ್ತೇವೆ.

ವಿಮಾನಗಳ ಸದ್ದಾದರೂ ಕೆಲವೇ ದಿನಗಳದ್ದು. ಶಾಲೆಯ ಗಂಟೆ, ಊಟದ ಹೊತ್ತಿನ ಗದ್ದಲ, ಮುಂದಾಗಿ ತಿಳಿಸದೆ ಬದಲಾಯಿಸಿದ ಪಾಠದ ವೇಳೆ, ಇವು ನಿತ್ಯದವು. ಅಕ್ಷರಗಳನ್ನು ಕೂಡಿಸಿ ಓದಲಾರದ ಬಾಲಕನಿಗೆ ತರಗತಿಯೆದುರು ಗಟ್ಟಿಯಾಗಿ ಓದುವ ಸರದಿಯೇ ಭಯ. ಸೋಮವಾರ ಬಂದು ಭಾನುವಾರ ಮಾಯವಾಗುವ ಹೊಟ್ಟೆನೋವನ್ನು ಕಂಡು ಹಿರಿಯರು ನಗುವುದುಂಟು. ವೈದ್ಯರಿಗೆ ತೋರಿಸಿ ಬೇರೆ ರೋಗವಿಲ್ಲವೆಂದು ತಿಳಿದ ಮೇಲೂ ಅದು ಸುಳ್ಳಲ್ಲ. ಭಯದಿಂದ ಹುಟ್ಟಿದ ನೋವೂ ನೋವೇ.

ಗೃಹಸ್ಥರು ಮಾಡಬಹುದಾದ ಕೆಲಸವೊಂದಿದೆ. ಎರಡು ವಾರಗಳ ಕಾಲ ಪುಸ್ತಕವೊಂದರಲ್ಲಿ ಮಗುವು ಯಾವ ದಿನ ಹೋಗಲೊಲ್ಲೆನೆಂದಿತು, ಅಂದು ಯಾವ ಪಾಠವಿದ್ದಿತು, ಹಿಂದಿನ ದಿನ ಏನು ನಡೆಯಿತು ಎಂಬುದನ್ನು ಬರೆದಿಡಬೇಕು. ಎಷ್ಟೋ ವೇಳೆ ತೊಡಕು ಇಡೀ ಶಾಲೆಯಲ್ಲಿರುವುದಿಲ್ಲ, ಬಸ್ಸಿನಲ್ಲೋ ಪ್ರಾರ್ಥನೆಯ ಸಾಲಿನಲ್ಲೋ ಇರುವುದು. ಅದನ್ನು ಕಂಡುಕೊಂಡು ಉಪಾಧ್ಯಾಯರ ಬಳಿ ಅಷ್ಟನ್ನೇ ಕೇಳುವುದು ಲೇಸು: ಗಂಟೆಗೆ ಮುನ್ನ ಒಳಗೆ ಬರುವ ಅನುಮತಿ, ಕೂಡಲು ನಿಶ್ಶಬ್ದವಾದ ಮೂಲೆ, ನಾಳಿನ ಬದಲಾವಣೆಯನ್ನು ಇಂದೇ ತಿಳಿಸುವ ಏರ್ಪಾಡು. ಬಹುಮಂದಿ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಉಪಾಧ್ಯಾಯರಿಗೂ ಇಂತಹ ಚಿಕ್ಕ ಬೇಡಿಕೆಯು ಭಾರವಾಗದು. ಮನೆಯಲ್ಲಿ ಉಳಿದ ದಿನಗಳು ಹೆಚ್ಚಿದಷ್ಟೂ ಮರಳುವುದು ಕಠಿಣವಾಗುವುದರಿಂದ, ಅರ್ಧ ದಿನವಾದರೂ ಹೋಗಿಬರುವ ಕ್ರಮವನ್ನು ಬಿಡಬಾರದು.

ಇದನ್ನು ದಯೆಯೆಂದು ಬೇಡಬೇಕಾಗಿಯೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಮತ್ತು ಕಲಿಕೆಯ ನ್ಯೂನತೆಗಳೂ ಸೇರಿವೆ. ಭೇದವೆಣಿಸದೆ ಸೇರಿಸಿಕೊಳ್ಳುವುದು, ನ್ಯೂನತೆಯನ್ನು ಬೇಗನೆ ಗುರುತಿಸುವುದು ಅದರ 16ನೆಯ ಕಲಮಿನಲ್ಲಿವೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಲಿಪಿಕಾರನ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ 17ನೆಯದರಲ್ಲಿವೆ. ಇವುಗಳಿಗೆ ಪ್ರಮಾಣಪತ್ರವು ಬೇಕಾಗುವುದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಮಗುವನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದ ಮೇಲೆ ಓಡಾಡುವ ಬದಲು, ಮಗುವು ಕೆಳತರಗತಿಯಲ್ಲಿರುವಾಗಲೇ ಆ ಕೆಲಸವನ್ನು ಮುಗಿಸಿಕೊಳ್ಳಬಹುದು.