ಸರೋವರದ ದಂಡೆಯ ಒಂದು ಕ್ಷೇತ್ರ

‘ಕ್ಷೇತ್ರ’ವೆಂಬುದು ನಮ್ಮ ನುಡಿಯಲ್ಲಿ ಹಲವು ಅರ್ಥಗಳ ಶಬ್ದ. ರೈತನಿಗೆ ಅದು ಹೊಲ, ಯಾತ್ರಿಕನಿಗೆ ಪುಣ್ಯಸ್ಥಳ. ಚುನಾವಣೆ ಬಂದಾಗ ಮಾತ್ರ ಮತದಾರರ ಪಟ್ಟಿ. ಕೆನಡಾದ ಟೊರಾಂಟೊ ನಗರದ ಪಾರ್ಕ್‌ಡೇಲ್–ಹೈ ಪಾರ್ಕ್ ಕ್ಷೇತ್ರವನ್ನು ನೆನೆದಾಗ ಈ ಅರ್ಥಗಳೆಲ್ಲ ಒಂದರೊಳಗೊಂದು ಬೆರೆತಂತೆ ನನಗೆ ತೋರುತ್ತದೆ.

ತೆಂಕಣಕ್ಕೆ ಒಂಟಾರಿಯೊ ಸರೋವರ, ಪಡುವಣಕ್ಕೆ ಹಂಬರ್ ನದಿ, ನಡುವೆ ಸುಮಾರು 400 ಎಕರೆಯ ಉದ್ಯಾನ. ಜಾನ್ ಹೊವಾರ್ಡ್ ಎಂಬ ವಾಸ್ತುಶಿಲ್ಪಿ 1873ರಲ್ಲಿ ತನ್ನ ಜಮೀನನ್ನು ನಗರಕ್ಕೆ ಬಿಟ್ಟುಕೊಡುವಾಗ, ಅಲ್ಲಿ ಮದ್ಯ ಮಾರಕೂಡದೆಂದು ಷರತ್ತು ಹಾಕಿದನಂತೆ! 1959ರಲ್ಲಿ ಟೋಕಿಯೊ ನಗರದ ಜನರು ಉಡುಗೊರೆಯಿತ್ತ ಚೆರಿ ಮರಗಳು ಅಲ್ಲಿ ವಸಂತದಲ್ಲಿ ಹೂವಾಗಿ ನಿಲ್ಲುತ್ತವೆ.

ಆದರೆ ಸರೋವರ ಪಕ್ಕದಲ್ಲಿದ್ದೂ ಪಾರ್ಕ್‌ಡೇಲಿಗೆ ದೂರವಾಯಿತು. 1955ರಲ್ಲಿ ದಂಡೆಯ ಸನ್ನಿಸೈಡ್ ವಿನೋದವನವನ್ನು ಕೆಡವಿದರು. 1958ರಲ್ಲಿ ಗಾರ್ಡಿನರ್ ಹೆದ್ದಾರಿಯ ಮೊದಲ ಭಾಗ ತೆರೆಯಿತು. ಊರಿಗೂ ನೀರಿಗೂ ನಡುವೆ ಮೋಟಾರುಗಳ ಹೊಳೆ ಹರಿಯತೊಡಗಿತು. ಶ್ರೀಮಂತರ ಬಡಾವಣೆಯಲ್ಲಿ ಬಾಡಿಗೆಯ ಬಹುಮಹಡಿ ಕಟ್ಟಡಗಳೆದ್ದವು. ಅಗ್ಗದ ಬಾಡಿಗೆ ವಲಸಿಗರನ್ನು ಕರೆಯಿತು. ಹೆದ್ದಾರಿ ಕೆಡಿಸಿದ್ದನ್ನು ಬಡವರು ಬಂದು ತುಂಬಿದರೆನ್ನಬಹುದೆ?

ಹೀಗೆ ಬಂದವರಲ್ಲಿ ಟಿಬೆಟನ್ನರು ಮುಖ್ಯರು. ಕ್ವೀನ್ ಬೀದಿಯ ಆ ಭಾಗಕ್ಕೆ ‘ಪುಟ್ಟ ಟಿಬೆಟ್’ ಎಂಬ ಹೆಸರೇ ಬಿದ್ದಿದೆ. ಮೊಮೊ ಅಂಗಡಿಗಳು ಸಾಲುಗಟ್ಟಿವೆ. ನಮಗೂ ಅವರು ಅಪರಿಚಿತರಲ್ಲ: 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಭೂಮಿಯನ್ನು ನಿರಾಶ್ರಿತರಿಗೆ ಕೊಟ್ಟಿತ್ತು. ಪಾರ್ಕ್‌ಡೇಲಿನ ಟಿಬೆಟನ್ನರಲ್ಲಿ ಬಹುಮಂದಿ ಭಾರತ, ನೇಪಾಳಗಳನ್ನು ಹಾದು ಹೋದವರೇ. ನೇಪಾಳದಲ್ಲಿ ಹುಟ್ಟಿದ ಭುಟಿಲಾ ಕರ್ಪೋಚೆ 2018ರಲ್ಲಿ ಇಲ್ಲಿಂದ ಒಂಟಾರಿಯೊ ಪ್ರಾಂತದ ಶಾಸನಸಭೆಗೆ ಆರಿಸಿಬಂದು 2025ರವರೆಗೆ ಸದಸ್ಯೆಯಾಗಿದ್ದರು. ತಮ್ಮದೆನ್ನುವ ರಾಷ್ಟ್ರದಲ್ಲಿ ಮತವಿಲ್ಲದ ಜನಕ್ಕೆ ಪರದೇಶದ ಈ ಕ್ಷೇತ್ರ ದನಿಯಾದುದು ಸಣ್ಣ ಸಂಗತಿಯಲ್ಲ.

ಆದರೂ ಮತ ಬೇರೆ, ಮನೆ ಬೇರೆ. 2017ರ ಬೇಸಗೆಯಲ್ಲಿ ಇಲ್ಲಿಯ ನೂರಾರು ಬಾಡಿಗೆದಾರರು, ಬಾಡಿಗೆಯ ವಿಪರೀತ ಏರಿಕೆಯನ್ನು ವಿರೋಧಿಸಿ, ತಿಂಗಳುಗಟ್ಟಲೆ ಹಣ ಕೊಡದೆ ಮುಷ್ಕರ ಹೂಡಿದರು. ಟಿಬೆಟನ್ನರೂ ಅದರಲ್ಲಿದ್ದರು. ಕೊನೆಗೆ ಒಡೆಯರು ಏರಿಕೆಯನ್ನು ತಗ್ಗಿಸಬೇಕಾಯಿತು. ಕಾನೂನಿನಲ್ಲಿ ಬಿರುಕೊಂದು ಮಾತ್ರ ಉಳಿದಿದೆ: ಇರುವವನ ಬಾಡಿಗೆಗೆ ಮಿತಿಯುಂಟು, ಅವನು ಬಿಟ್ಟುಹೋದರೆ ಹೊಸಬನಿಂದ ಎಷ್ಟನ್ನಾದರೂ ಕೇಳಬಹುದು. ಮೊಮೊ ಅಂಗಡಿಯ ಮೇಲಿನ ಮನೆ ತೆರವಾದರೆ, ಮುಂದೆ ಅಲ್ಲಿಗೆ ಬರುವವನು ಆ ಅಂಗಡಿಯಲ್ಲಿ ದುಡಿಯುವವನಾಗಿರುವುದು ಕಷ್ಟ.